ಹುಣಸೆ ಬೀಜದ ಲೆಕ್ಕ



ಕೈಯಲ್ಲೊಂದು ಟ್ಯಾಬ್, ಕೊರಳಲ್ಲೊಂದು ಗುರುತಿನ ಚೀಟಿ, ಬಿಸಿಲಿಗೆ ಕಪ್ಪಿಟ್ಟ ಮುಖ. “ಅಮ್ಮಾ, ಐದೇ ನಿಮಿಷ, ಒಂದು ಸಣ್ಣ ಸರ್ವೆ ಇತ್ತು” ಎನ್ನುತ್ತಾ ನಿಮ್ಮ ಮನೆ ಬಾಗಿಲಿಗೂ ಯಾರಾದರೂ ಬಂದಿರುತ್ತಾರೆ. ನೀವು ಯಾವ ಬ್ಯಾಂಕಿನಲ್ಲಿ ಖಾತೆ ಇಟ್ಟಿದ್ದೀರಿ, ಸಾಲ ಎಷ್ಟಿದೆ, ತಿಂಗಳಿಗೆ ಎಷ್ಟು ಉಳಿಯುತ್ತದೆ, ಮುಂದೆ ಸಾಲ ಬೇಕಾದರೆ ಯಾರ ಹತ್ತಿರ ಹೋಗುತ್ತೀರಿ ಎಂದೆಲ್ಲ ಕೇಳಿ ಬರೆದುಕೊಂಡು ಹೋಗಿರುತ್ತಾರೆ. ಆ ಕೆಲಸವನ್ನು ನಾನು ಹಲವು ವರ್ಷ ಮಾಡಿದ್ದೇನೆ. ಹೊಸ ಸಾಲ, ಹೊಸ ಉಳಿತಾಯ ಯೋಜನೆ, ಹೊಸ ವಿಮೆಯನ್ನು ಹಳ್ಳಿಗಳಲ್ಲಿ ಹೇಗೆ ಮಾರಬೇಕೆಂದು ತಿಳಿಯಲು ಹಣಕಾಸು ಸಂಸ್ಥೆಗಳು ನಡೆಸುವ ಗ್ರಾಹಕ ಸಮೀಕ್ಷೆ ಅದು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ, ಅದರಲ್ಲೂ ವರವು ಕಾವಲ್ ಎಂಬ ಹುಲ್ಲುಗಾವಲಿನ ಸುತ್ತಲಿನ ಹಟ್ಟಿಗಳಲ್ಲಿ ಈ ಪ್ರಶ್ನಾವಳಿ ಹಿಡಿದು ತಿರುಗಿದಾಗ ನನಗೆ ತಿಳಿದದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಆ ಮಾತಿನಿಂದಲೇ ಶುರು ಮಾಡೋಣ. ಸರ್ವೆ. ನಮ್ಮ ಕಡೆ ಸರ್ವೆ ಎಂದರೆ ನೆನಪಾಗುವುದು ಸರಪಳಿ, ಬಾಂದುಕಲ್ಲು, ಮೋಜಣಿದಾರ. ವರವು ಕಾವಲಿನ ಅಂಚಿನಲ್ಲಿ ನಾನು ಮೊದಲ ದಿನ “ಸರ್ವೆಗೆ ಬಂದಿದೀನಿ” ಎಂದಾಗ, ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ಎದ್ದು ನಿಂತರು. “ಇನ್ನೇನು ಅಳೀಬೇಕಂತ ಬಂದ್ರಿ? ಅಳೆಯೋಕೆ ಏನು ಉಳ್ದೈತೆ?” ಎಂದು ಕೇಳಿದರು. ಆ ಸಿಟ್ಟು ನನ್ನ ಮೇಲಿನದಲ್ಲ ಎಂದು ತಿಳಿಯಲು ಅರ್ಧ ಗಂಟೆ ಹಿಡಿಯಿತು.

ವರವು ಕಾವಲ್ ಅಮೃತಮಹಲ್ ಕಾವಲುಗಳಲ್ಲಿ ಒಂದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದಿದ್ದ ದನಗಳ ಇಲಾಖೆ ಹೈದರ್ ಕಾಲದಲ್ಲಿ ದಂಡಿನ ಸಾಮಾನು ಎಳೆಯುವ ಎತ್ತುಗಳ ಇಲಾಖೆಯಾಗಿ ಬೆಳೆಯಿತು. ಟಿಪ್ಪು ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆಯಿತು. ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ, ಬೇಸಿಗೆಗೆ ಬೇರೆ ಎಂದು ಕಾವಲುಗಳನ್ನು ಹಂಚಿಟ್ಟಿದ್ದರು. ಹುಲ್ಲು ಸರ್ಕಾರದ್ದಾದರೂ ಸುತ್ತಲಿನ ಕುರುಬರು, ಗೊಲ್ಲರು, ಮ್ಯಾಸಬೇಡರು ತಲೆಮಾರುಗಳಿಂದ ಅಲ್ಲೇ ಕುರಿ ಮೇಯಿಸಿದರು, ದೇವರ ಎತ್ತುಗಳನ್ನು ಬಿಟ್ಟರು. ಈ ಶತಮಾನದ ಮೊದಲ ದಶಕದ ಕೊನೆಯಿಂದ ಚಳ್ಳಕೆರೆ ತಾಲ್ಲೂಕಿನ ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೂ ಒಂದು ಸೌರ ವಿದ್ಯುತ್ ಯೋಜನೆಗೂ ಕೊಡಲಾಯಿತು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಓಗೆ 4,000 ಎಕರೆಗೂ ಹೆಚ್ಚು ಸಿಕ್ಕಿತು. ಗೋಡೆ ಎದ್ದಿತು. ಊರಿನವರು, ಪರಿಸರದ ಪರ ಕೆಲಸ ಮಾಡುವವರು ಹಸಿರು ನ್ಯಾಯಪೀಠದ ಮೆಟ್ಟಿಲು ಹತ್ತಿದರು. 2014ರಲ್ಲಿ ತೀರ್ಪು ಬಂತು. ಡಿಆರ್‌ಡಿಓದ ವೈಮಾನಿಕ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾಯಿತು. ಗೋಡೆ ಇವತ್ತಿಗೂ ಇದೆ. ಆ ಗೋಡೆಗಿಂತ ಮೊದಲು ಬಂದದ್ದು ಸರ್ವೆ. ಆದ್ದರಿಂದ ಅಲ್ಲಿ ಆ ಪದ ಹೇಳಿಕೊಂಡು ಬಂದವರನ್ನು ಜನ ಹೇಗೆ ನೋಡಬೇಕೋ ಹಾಗೇ ನೋಡಿದರು. ಅಂದಿನಿಂದ ನಾನು “ಸರ್ವೆ” ಎನ್ನುವುದನ್ನು ಬಿಟ್ಟೆ. “ಸಾಲ ಕೊಡೋ ಒಂದು ಕಂಪನಿ ಪರವಾಗಿ ಕೆಲವು ಪ್ರಶ್ನೆ ಕೇಳೋಕೆ ಬಂದಿದೀನಿ” ಎಂದು ಇದ್ದದ್ದನ್ನು ಇದ್ದಂತೆ ಹೇಳತೊಡಗಿದೆ. ಹಾಗೆ ಹೇಳಬೇಡಿ ಎಂದು ನನ್ನ ಮೇಲಿನವರು ತಾಕೀತು ಮಾಡಿದ್ದರು. ಸಂಸ್ಥೆಯ ಹೆಸರೋ ಉದ್ದೇಶವೋ ಮೊದಲೇ ಗೊತ್ತಾದರೆ ಜನ ಅದಕ್ಕೆ ತಕ್ಕ ಉತ್ತರ ಕೊಡುತ್ತಾರೆ ಎಂಬುದು ಅವರ ವಾದ. ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಉದ್ದೇಶ ಮುಚ್ಚಿಟ್ಟುಕೊಂಡು ಒಬ್ಬರ ಸಾಲದ ಲೆಕ್ಕ ಕೇಳುವುದು ತಪ್ಪೆಂದೇ ನಾನು ಅಂದುಕೊಂಡಿದ್ದೇನೆ.

ಈಗ ಪ್ರಶ್ನೆಗಳಿಗೆ ಬರೋಣ. ಮೊದಲ ಪ್ರಶ್ನೆ ಸಾಮಾನ್ಯವಾಗಿ ಹೀಗಿರುತ್ತದೆ: ನಿಮ್ಮ ಮನೆಯ ತಿಂಗಳ ಆದಾಯ ಎಷ್ಟು?

ಬೆಂಗಳೂರಿನಲ್ಲಿ ಕೂತು ಈ ಪ್ರಶ್ನೆ ಬರೆದವರಿಗೆ ತಿಂಗಳಿಗೊಮ್ಮೆ ಸಂಬಳ ಬರುತ್ತದೆ. ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವವರಿಗೆ ಕೂಲಿ ಬರುವುದು ಸೀರೆಗೆ ಇಷ್ಟು ಎಂದು. ಸೀರೆ ಮಗ್ಗದಿಂದ ಇಳಿಯಬೇಕು, ಯಜಮಾನರಿಗೆ ಮುಟ್ಟಬೇಕು, ಮುಂಗಡದಲ್ಲಿ ಮುರಿದುಕೊಂಡು ಉಳಿದದ್ದು ಕೈಗೆ ಬರಬೇಕು. ಕುತ್ತು ಅಂಚಿನ ಸೀರೆಗೆ ಎಷ್ಟು ದಿನ ಹಿಡಿಯುತ್ತದೆ ಎಂಬುದು ಅಂಚಿನ ಕೆಲಸದ ಮೇಲೆ ನಿಂತಿದೆ. ಚಳ್ಳಕೆರೆ ಕಡೆ ಶೇಂಗಾ ಬೆಳೆಯುವವರಿಗೆ ಹಣ ಕಾಣುವುದು ದೀಪಾವಳಿಯ ಆಚೀಚೆ, ಅದೂ ಮಳೆ ಬಂದರೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಇದೂ ಒಂದು. ಕುರಿ ಸಾಕುವವರ ಲೆಕ್ಕ ಇನ್ನೂ ಬೇರೆ. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಾರೆ, ಮರಿ ಬಲಿತಾಗ ಮಾರುತ್ತಾರೆ, ಬೇರೆಯವರ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಿ ಗೊಬ್ಬರಕ್ಕೆ ಪ್ರತಿಯಾಗಿ ಕಾಳನ್ನೋ ದುಡ್ಡನ್ನೋ ಪಡೆಯುತ್ತಾರೆ. ಈ ಮಂದೆಯ ಕಾಳಿಗೆ ನಾನು ಹಿಡಿದುಕೊಂಡು ಹೋದ ಯಾವ ಫಾರಮಿನಲ್ಲೂ ಜಾಗವಿರಲಿಲ್ಲ. “ಇತರೆ” ಎಂಬ ಒಂದು ಕಾಲಂ ಇತ್ತು. ಮನೆಯ ಅರ್ಧ ಬದುಕು ಅದರೊಳಗೆ ಹೋಗಿ ಬೀಳುತ್ತಿತ್ತು.

ಹಾಗಾದರೆ ತಿಂಗಳ ಆದಾಯ ಎಂದು ಏನು ಬರೆಯುತ್ತಿದ್ದೆವು? ವರ್ಷದ್ದನ್ನು ಅಂದಾಜು ಮಾಡಿ ಹನ್ನೆರಡರಿಂದ ಭಾಗಿಸುತ್ತಿದ್ದೆವು. ಇದರಿಂದ ಏನಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಕಿರುಸಾಲಕ್ಕೆ ರಿಸರ್ವ್ ಬ್ಯಾಂಕು 2022ರಲ್ಲಿ ಹೊಸ ನಿಯಮ ತಂದಿತು. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲ ಕಿರುಸಾಲ. ಸಾಲ ಕೊಡುವ ಮುಂಚೆ ಕುಟುಂಬದ ಆದಾಯವನ್ನು ಅಳೆಯಬೇಕು. ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಒಳ್ಳೆಯ ನಿಯಮ. ಒಂದು ಮನೆಯ ವರ್ಷದ ಆದಾಯ 1 ಲಕ್ಷ 20 ಸಾವಿರ ಎಂದಿಟ್ಟುಕೊಳ್ಳಿ. ತಿಂಗಳಿಗೆ 10,000 ಆಯಿತು. 5,000ದವರೆಗೆ ಕಂತು ಕಟ್ಟಬಲ್ಲರು ಎಂದು ಕಾಗದ ಹೇಳುತ್ತದೆ. ಆದರೆ ಆ 1 ಲಕ್ಷ 20 ಸಾವಿರದಲ್ಲಿ 70 ಸಾವಿರ ಶೇಂಗಾ ಮಾರಿದಾಗ, 40 ಸಾವಿರ ಮರಿ ಮಾರಿದಾಗ, ಉಳಿದದ್ದು ಅಲ್ಲಷ್ಟು ಇಲ್ಲಷ್ಟು ಬಂದಿದ್ದರೆ, ಏಪ್ರಿಲ್ ತಿಂಗಳಲ್ಲಿ ಆ ಮನೆಯಲ್ಲಿ ಏನಿರುತ್ತದೆ? ಏನೂ ಇರುವುದಿಲ್ಲ. ಕಂತು ಮಾತ್ರ ಏಪ್ರಿಲ್‌ನಲ್ಲೂ ಬರುತ್ತದೆ. ಅದನ್ನು ಕಟ್ಟಲು ಇನ್ನೊಂದು ಕಡೆ ಸಾಲ ಮಾಡುತ್ತಾರೆ. ಸರಾಸರಿಯ ಲೆಕ್ಕದಲ್ಲಿ ಆ ಮನೆ ಗಟ್ಟಿ. ಬೇಸಿಗೆಯಲ್ಲಿ ಆ ಮನೆ ಮುಳುಗಿದೆ. ಇದು ಸಾಲಗಾರರ ಸೋಮಾರಿತನದಿಂದ ಆದದ್ದಲ್ಲ. ತಪ್ಪು ಪ್ರಶ್ನೆಯಿಂದ ಹುಟ್ಟಿದ ಸಾಲ ಅದು.

ಇನ್ನೊಂದು ತೊಡಕಿದೆ. ಒಂದೇ ಮನೆಯಲ್ಲಿ ಮೂರು ಆದಾಯ ಇರುತ್ತವೆ. ಪಡಿತರ ಚೀಟಿಗೆ ಹೇಳಿದ ಆದಾಯ ಒಂದು; ಬಿಪಿಎಲ್ ಮಿತಿ 1 ಲಕ್ಷ 20 ಸಾವಿರ ಇರುವುದರಿಂದ ಅದು ಅದರೊಳಗೇ ಇರಬೇಕು. ಸಾಲದವರಿಗೆ ಹೇಳಿದ ಆದಾಯ ಇನ್ನೊಂದು. ಸಾಲ ಸಿಗಬೇಕಾದರೆ ಅದು ಸ್ವಲ್ಪ ಹೆಚ್ಚಿರಬೇಕು. ಮೂರನೆಯದು ನಿಜವಾದದ್ದು, ಅದನ್ನು ಹೇಳಬಲ್ಲವರು ಮನೆಯ ಹೆಂಗಸರು, ಅವರೂ ಬಾಯಲ್ಲಿ ಹೇಳುವುದಿಲ್ಲ, ಸೆರಗಿನ ಗಂಟಿನಲ್ಲಿ ಇಟ್ಟಿರುತ್ತಾರೆ. ಟ್ಯಾಬ್ ಹಿಡಿದು ಬಂದ ಹುಡುಗನನ್ನು ನೋಡಿ, ಇವನು ಸರ್ಕಾರದವನೋ ಸಾಲದವನೋ ಎಂದು ಅಳೆದು ಜನ ಉತ್ತರ ಕೊಡುತ್ತಾರೆ. ಹಾಗೆ ಅಳೆಯುವುದನ್ನು ನಾನು ಮೋಸ ಎನ್ನಲಾರೆ. ಬಡವರ ಪಾಲಿಗೆ ಅದು ಎಚ್ಚರ.

ರಾಷ್ಟ್ರೀಯ ಮಾದರಿ ಸಮೀಕ್ಷೆಯನ್ನು 1950ರಲ್ಲಿ ಕಟ್ಟಿದ ಪ್ರಶಾಂತಚಂದ್ರ ಮಹಲನೋಬಿಸ್, ಕೇಳುವವರು ಬದಲಾದರೆ ಉತ್ತರವೂ ಬದಲಾಗಬಹುದು ಎಂಬುದನ್ನು ಬಲ್ಲವರಾಗಿದ್ದರು. ಒಂದೇ ಪ್ರದೇಶಕ್ಕೆ ಎರಡು ಬೇರೆ ತಂಡಗಳನ್ನು ಕಳಿಸಿ, ಅವರು ತಂದ ಅಂಕಿಗಳನ್ನು ಪಕ್ಕ ಪಕ್ಕ ಇಟ್ಟು ನೋಡುವ ವಿಧಾನವನ್ನು ಅವರು ಬಳಕೆಗೆ ತಂದರು. ಎರಡರ ನಡುವಿನ ಅಂತರ ನೋಡಿದರೆ ಅಂಕಿಗಳಲ್ಲಿ ಎಷ್ಟು ತಪ್ಪು ನುಸುಳಿರಬಹುದು ಎಂಬ ಸುಳಿವು ಸಿಗುತ್ತದೆ. ಸಾಲ ಮಾರುವ ಸಮೀಕ್ಷೆಗಳಲ್ಲಿ ಅಷ್ಟು ತಾಳ್ಮೆಯನ್ನು ನಾನು ಕಾಣಲಿಲ್ಲ.

ಬಡ್ಡಿಯ ಪ್ರಶ್ನೆ. “ವಾರ್ಷಿಕ ಶೇಕಡಾ 24ರ ಬಡ್ಡಿ ನಿಮಗೆ ಒಪ್ಪಿಗೆಯೇ?” ಈ ಪ್ರಶ್ನೆಯನ್ನು ಹಟ್ಟಿಯಲ್ಲಿ ಕೇಳಿದರೆ ಅಜ್ಜಿ ಸುಮ್ಮನೆ ಮುಖ ನೋಡುತ್ತಾಳೆ. ನಮ್ಮ ಕಡೆ ಬಡ್ಡಿಯನ್ನು ಹೇಳುವುದು ನೂರಕ್ಕೆ ತಿಂಗಳಿಗೆ ಇಷ್ಟು ರೂಪಾಯಿ ಎಂದು. ಎರಡು ರೂಪಾಯಿ ಬಡ್ಡಿ, ಮೂರು ರೂಪಾಯಿ ಬಡ್ಡಿ, ಆಪತ್ತಿಗೆ ಐದು ರೂಪಾಯಿ ಬಡ್ಡಿ. ಎರಡು ರೂಪಾಯಿ ಎಂದರೆ ವರ್ಷಕ್ಕೆ 24. ಮೂರು ಎಂದರೆ 36. ಐದು ಎಂದರೆ 60. ಪ್ರಶ್ನೆಯನ್ನು “ಎರಡು ರೂಪಾಯಿ ಬಡ್ಡಿ” ಎಂದು ತಿರುಗಿಸಿ ಕೇಳಿದ ದಿನ, ಹಿಂದಿನ ದಿನ “ಗೊತ್ತಿಲ್ಲ” ಎಂದಿದ್ದ ಅದೇ ಅಜ್ಜಿ ಕಂಪನಿಯವರಿಗಿಂತ ಚೆನ್ನಾಗಿ ಲೆಕ್ಕ ಹೇಳಿದಳು. “ಗೊತ್ತಿಲ್ಲ” ಎಂಬ ಉತ್ತರಗಳನ್ನು ಕೂಡಿಸಿ, ಹಳ್ಳಿಯವರಿಗೆ ಹಣಕಾಸಿನ ಅರಿವಿಲ್ಲ ಎಂದು ವರದಿ ಬರೆಯುವವರನ್ನು ಕಂಡಾಗ ನನಗೆ ನೋವಾಗುತ್ತದೆ. ಅರಿವು ಇಲ್ಲದ್ದು ಪ್ರಶ್ನೆಗೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು, ಏಕೆಂದರೆ ಇಲ್ಲಿ ಜನ ನಿಜವಾಗಿ ಮೋಸ ಹೋಗುತ್ತಾರೆ. “ವರ್ಷಕ್ಕೆ ಬರೀ 12 ಪರ್ಸೆಂಟ್, ಫ್ಲಾಟ್” ಎಂದು ಯಾರಾದರೂ ಹೇಳಿದರೆ ನಿಲ್ಲಿಸಿ ಕೇಳಿ. 10,000 ರೂಪಾಯಿ ತೆಗೆದುಕೊಂಡು, 1,200 ಬಡ್ಡಿ ಸೇರಿಸಿ 11,200ನ್ನು ಹನ್ನೆರಡು ಸಮ ಕಂತುಗಳಲ್ಲಿ ಕಟ್ಟುತ್ತೀರಿ. ಆದರೆ ಆ 10,000 ವರ್ಷವಿಡೀ ನಿಮ್ಮ ಕೈಯಲ್ಲಿ ಇರುವುದಿಲ್ಲ. ತಿಂಗಳು ತಿಂಗಳು ಅಸಲು ಕರಗುತ್ತಾ ಹೋಗುತ್ತದೆ. ನಿಮ್ಮ ಹತ್ತಿರ ನಿಜವಾಗಿ ಉಳಿದಿದ್ದ ಹಣದ ಮೇಲೆ ಲೆಕ್ಕ ಹಾಕಿದರೆ ಬಡ್ಡಿ ಶೇಕಡಾ 21ನ್ನು ದಾಟುತ್ತದೆ. ಈ ಗೊಂದಲ ಬೇಡವೆಂದೇ, 2024ರ ಅಕ್ಟೋಬರ್ 1ರಿಂದ ಕೊಡುವ ಹೊಸ ಸಾಲಗಳಿಗೆ, ಎಲ್ಲ ಖರ್ಚೂ ಸೇರಿದ ವಾರ್ಷಿಕ ದರವನ್ನು ಬರೆದ ಮುಖ್ಯ ಮಾಹಿತಿ ಪತ್ರವನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂದು ರಿಸರ್ವ್ ಬ್ಯಾಂಕು ಕಡ್ಡಾಯ ಮಾಡಿದೆ. ಆ ಹಾಳೆಯನ್ನು ಕೇಳಿ ಪಡೆಯಿರಿ. ಕನ್ನಡದಲ್ಲಿ ಕೇಳಿ.

ಮತ್ತೆ ಪ್ರಶ್ನಾವಳಿಗೆ ಬರುತ್ತೇನೆ. ಕೊನೆಗೆ ಒಂದು ಪ್ರಶ್ನೆ ಇದ್ದೇ ಇರುತ್ತದೆ: ಈ ಸಂಸ್ಥೆಯನ್ನು ನಿಮ್ಮ ನೆಂಟರಿಗೆ, ಗೆಳೆಯರಿಗೆ ಶಿಫಾರಸು ಮಾಡುತ್ತೀರಾ, ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿ. ಅಮೆರಿಕದ ಫ್ರೆಡ್ ರೈಕ್‌ಹೆಲ್ಡ್ 2003ರಲ್ಲಿ ಇದನ್ನು ಜನಪ್ರಿಯಗೊಳಿಸಿದರು. ಈಗ ಜಗತ್ತಿನ ಎಷ್ಟೋ ವ್ಯಾಪಾರಗಳು ಇದನ್ನು ಕೇಳುತ್ತವೆ. ನಮ್ಮಲ್ಲಿ ಎಲ್ಲರೂ ಹತ್ತು ಕೊಡುತ್ತಾರೆ. ಮಜ್ಜಿಗೆ ಕುಡಿದು ಜಗಲಿಯ ಮೇಲೆ ಕೂತ ಅತಿಥಿಗೆ ನಾಲ್ಕು ಅಂಕ ಕೊಡುವ ಮನೆ ಈ ಸೀಮೆಯಲ್ಲಿಲ್ಲ. ಆ ಹತ್ತುಗಳೆಲ್ಲ ಸೇರಿ, ಗ್ರಾಹಕರು ಬಹಳ ಸಂತುಷ್ಟರು ಎಂಬ ಬಣ್ಣದ ಚಿತ್ರವಾಗಿ ಯಾವುದೋ ಸಭೆಯ ಗೋಡೆಯ ಮೇಲೆ ಬೀಳುತ್ತವೆ. ಅದೇ ಮನೆಯ ಹೆಂಗಸು ಬಾಗಿಲವರೆಗೆ ಕಳಿಸಲು ಬಂದು, ಕಂತು ತಪ್ಪಿದ ವಾರ ಸಂಘದವರೆಲ್ಲ ತನ್ನ ಮನೆ ಮುಂದೆ ರಾತ್ರಿ ಒಂಬತ್ತರವರೆಗೆ ಕೂತಿದ್ದನ್ನು ಮೆಲ್ಲಗೆ ಹೇಳುತ್ತಾಳೆ. ಅಷ್ಟರಲ್ಲಿ ಟ್ಯಾಬ್ ಮುಚ್ಚಿರುತ್ತದೆ.

ಹೆಂಗಸು ಎಂದೆ. ಮನೆಯಲ್ಲಿ ಯಾರನ್ನು ಕೇಳಬೇಕು ಎಂಬುದಕ್ಕೂ ಒಂದು ಶಾಸ್ತ್ರವಿದೆ. ಲೆಸ್ಲಿ ಕಿಶ್ ಎಂಬ ಸಂಖ್ಯಾಶಾಸ್ತ್ರಜ್ಞರು 1949ರಲ್ಲಿ ಒಂದು ಕೋಷ್ಟಕ ಮಾಡಿಕೊಟ್ಟರು. ಮನೆಯಲ್ಲಿರುವ ವಯಸ್ಕರನ್ನೆಲ್ಲ ಪಟ್ಟಿ ಮಾಡಿ, ಕೋಷ್ಟಕ ತೋರಿಸಿದವರನ್ನೇ ಕೇಳಬೇಕು, ಎದುರು ಸಿಕ್ಕವರನ್ನಲ್ಲ. ಕೋಷ್ಟಕ ಸೊಸೆಯನ್ನು ತೋರಿಸಿದರೂ ಉತ್ತರ ಹೇಳುವುದು ಮಾವ. ಕಿರುಸಾಲವೆಲ್ಲ ಹೆಂಗಸರ ಹೆಸರಿನಲ್ಲೇ ಇರುವ ಊರಿನಲ್ಲಿ ಸಾಲದ ಬಗ್ಗೆ ಗಂಡಸರು ಹೇಳಿದ್ದನ್ನು ಬರೆದುಕೊಂಡು ಬಂದ ಫಾರಮುಗಳನ್ನು ನಾನು ಎಷ್ಟೋ ಸಲ ವಾಪಸ್ ಕಳಿಸಿದ್ದೇನೆ. ಕುರಿ ಜೊತೆ ಹೋದವರಂತೂ ಹಗಲು ಸಿಗುವುದೇ ಇಲ್ಲ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಊರಲ್ಲೇ ಇರುವುದಿಲ್ಲ. “ಬೀಗ ಹಾಕಿದೆ” ಎಂದು ಬರೆದು ಪಕ್ಕದ ಮನೆಗೆ ಹೋಗುವುದು ಸುಲಭ. ಹಾಗೆ ಬಿಟ್ಟುಹೋದ ಬೀಗದ ಮನೆಗಳೆಲ್ಲ ಒಂದೇ ಬಗೆಯವು, ಮಂದೆ ಇರುವ ಮನೆಗಳು.

ಮನೆ ಆರಿಸುವ ರೀತಿಯಲ್ಲೂ ಹೀಗೆಯೇ. ಮಾರುಕಟ್ಟೆ ಸಮೀಕ್ಷೆಯಲ್ಲಿ ಬಲಗೈ ನಿಯಮ ಎಂದು ಒಂದಿದೆ. ಊರ ನಡುವಿನ ಗುಡಿಯೋ ಶಾಲೆಯೋ ಒಂದು ಗುರುತು. ಅಲ್ಲಿಂದ ಬಲಗಡೆ ಹಿಡಿದು ಇಷ್ಟು ಮನೆಗೊಂದು ಮನೆ ಎಣಿಸುತ್ತಾ ಹೋಗಬೇಕು. ಪೇಟೆಯಲ್ಲಿ ಇದು ನಡೆಯುತ್ತದೆ. ನಮ್ಮಲ್ಲಿ ಗೊಲ್ಲರಹಟ್ಟಿ ಊರ ನಡುವೆ ಇರುವುದಿಲ್ಲ. ಮುಳ್ಳುಬೇಲಿ ಕಟ್ಟಿಕೊಂಡು ಊರಿನಿಂದ ಬೇರೆಯಾಗಿ, ಎಷ್ಟೋ ಕಡೆ ಒಂದೆರಡು ಕಿಲೋಮೀಟರ್ ಆಚೆ ಇರುತ್ತದೆ. ಬಲಗೈ ಹಿಡಿದು ಊರನ್ನೆಲ್ಲ ಸುತ್ತಿದರೂ ಹಟ್ಟಿ ಸಿಗುವುದಿಲ್ಲ. ಸಮೀಕ್ಷೆಯಲ್ಲಿ ಇಲ್ಲದವರಿಗೆ ಆಮೇಲೆ ಯೋಜನೆಯಲ್ಲಿ ಜಾಗ ಎಲ್ಲಿಂದ ಬರಬೇಕು?

ಸಮೀಕ್ಷೆಗಳ ಮೇಲೆ ನನಗೆ ದ್ವೇಷವಿದೆ ಎಂದು ನೀವು ತಿಳಿಯಬಾರದು. ಸರಿಯಾಗಿ ಕೇಳಿದ ಪ್ರಶ್ನೆಗೆ ಎಷ್ಟು ಬಲವಿದೆ ಎಂಬುದಕ್ಕೆ ನಮ್ಮ ದೇಶದಲ್ಲೇ ದೊಡ್ಡ ಉದಾಹರಣೆ ಇದೆ. 1951-52ರಲ್ಲಿ ರಿಸರ್ವ್ ಬ್ಯಾಂಕು ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ ನಡೆಸಿತು. ಎ. ಡಿ. ಗೋರವಾಲಾ ಅದರ ನಿರ್ದೇಶನ ಸಮಿತಿಯ ಅಧ್ಯಕ್ಷರು, ಅರ್ಥಶಾಸ್ತ್ರಜ್ಞ ಡಿ. ಆರ್. ಗಾಡ್ಗೀಳರೂ ಆ ಸಮಿತಿಯಲ್ಲಿದ್ದರು. 75 ಜಿಲ್ಲೆಗಳ 600 ಹಳ್ಳಿಗಳಲ್ಲಿ 1 ಲಕ್ಷ 27 ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಕೇಳಿದರು. ಮಾರಲು ಅವರ ಕೈಯಲ್ಲಿ ಯಾವ ಸರಕೂ ಇರಲಿಲ್ಲ. ರೈತ ಯಾರಿಂದ ಸಾಲ ತರುತ್ತಾನೆ, ಯಾಕೆ ತರುತ್ತಾನೆ, ಯಾವಾಗ ತೀರಿಸುತ್ತಾನೆ, ಇಷ್ಟೇ ಬೇಕಾಗಿತ್ತು. 1954ರಲ್ಲಿ ವರದಿ ಬಂತು. ರೈತ ತಂದ ನೂರು ರೂಪಾಯಿ ಸಾಲದಲ್ಲಿ ಸುಮಾರು 70 ರೂಪಾಯಿ ಲೇವಾದೇವಿಯವರದು. ಸಹಕಾರ ಸಂಘಗಳದು 3 ರೂಪಾಯಿ ಚಿಲ್ಲರೆ. ವಾಣಿಜ್ಯ ಬ್ಯಾಂಕುಗಳದು ಒಂದು ರೂಪಾಯಿಯೂ ಇಲ್ಲ. ಆ ಅಂಕಿಗಳನ್ನು ಕಂಡ ಮೇಲೆ ಸರ್ಕಾರ ಸುಮ್ಮನಿರಲಾಗಲಿಲ್ಲ. ಇಂಪೀರಿಯಲ್ ಬ್ಯಾಂಕ್ 1955ರ ಜುಲೈ 1ರಂದು ಸ್ಟೇಟ್ ಬ್ಯಾಂಕ್ ಆಯಿತು. ಐದು ವರ್ಷದಲ್ಲಿ 400 ಹೊಸ ಶಾಖೆ ತೆರೆಯುವ ಹೊಣೆ ಅದರ ಹೆಗಲ ಮೇಲೆ ಬಿತ್ತು. ಮುಂದೆ ನಮ್ಮ ಜಿಲ್ಲೆಗೂ ಬ್ಯಾಂಕುಗಳು ಬಂದವು. ಕೆನರಾ ಬ್ಯಾಂಕಿನ ಆಶ್ರಯದಲ್ಲಿ ಚಿತ್ರದುರ್ಗ ಗ್ರಾಮೀಣ ಬ್ಯಾಂಕ್ ಹುಟ್ಟಿತು. ಅದು 2005ರಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕಿನೊಳಗೆ, ಮುಂದೆ ಇನ್ನೂ ದೊಡ್ಡದರೊಳಗೆ ಸೇರುತ್ತಾ ಈಗ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಹೆಸರು ಬದಲಾಗುತ್ತಾ ಹೋದಂತೆ, “ನಮ್ಮ ದುರ್ಗದ ಬ್ಯಾಂಕು” ಎಂದು ಹೇಳುತ್ತಿದ್ದ ಹಿರಿಯರು ಈಗ ಆ ಮಾತು ಆಡುವುದನ್ನು ನಾನು ಕೇಳಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಉಡುಪಿ. 1925ರಲ್ಲಿ ಕೈಮಗ್ಗ ಕುಸಿದು ನೇಕಾರರು ಕಂಗಾಲಾದಾಗ ಅವರಿಗೆ ನೆರವಾಗಲು ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಶುರುವಾಯಿತು; ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್. ಅದರ ಸ್ಥಾಪಕರಲ್ಲೊಬ್ಬರಾದ ಡಾ. ಟಿ. ಎಂ. ಎ. ಪೈ 1928ರಲ್ಲಿ ಪಿಗ್ಮಿ ಠೇವಣಿ ತಂದರು. ಏಜೆಂಟ್ ದಿನಾ ಮನೆಗೆ ಬಂದು ಎರಡಾಣೆಯಷ್ಟನ್ನೂ ಪಡೆದುಕೊಂಡು ಹೋಗುತ್ತಿದ್ದ. ನನ್ನ ಕಣ್ಣಿಗೆ ಅದು ನಮ್ಮ ನಾಡಿನ ಅತ್ಯುತ್ತಮ ಗ್ರಾಹಕ ಸಮೀಕ್ಷೆ. ಯಾವ ದಿನ ಆ ಮನೆಯಲ್ಲಿ ಎರಡಾಣೆ ಇದೆ, ಯಾವ ದಿನ ಇಲ್ಲ, ಯಾವ ವಾರ ಜ್ವರ, ಯಾವ ತಿಂಗಳು ಮಗ್ಗ ನಿಂತಿದೆ ಎಂಬುದು ಅವನಿಗೆ ಕೇಳದೆಯೇ ಗೊತ್ತಾಗುತ್ತಿತ್ತು. ಅವನು ಮರುದಿನ ಅದೇ ಬಾಗಿಲಿಗೆ ಬರಬೇಕಾದವನು. ನಮ್ಮಂಥ ಸಮೀಕ್ಷಕರು ಒಂದು ಸಲ ಬಂದು ಹೋಗುವವರು. ಮುಂದಿನ ಸಲ ಬೇರೆ ಯಾರೋ, ಬೇರೆ ಕಂಪನಿ, ಮತ್ತೆ ಅದೇ ಪ್ರಶ್ನೆ.

ಈಗ ಆ ಉತ್ತರಗಳು ಎಲ್ಲಿಗೆ ಹೋಗುತ್ತವೆ ಎಂಬುದೂ ದೊಡ್ಡ ವಿಷಯವಾಗಿದೆ. ನಿಮ್ಮ ಆಧಾರ್, ಮನೆಯ ಫೋಟೋ ಸಮೀಕ್ಷೆಗೆ ಬೇಕಾಗಿಲ್ಲ. ಕೇಳಿದರೆ, ಅದು ಸಮೀಕ್ಷೆಯ ಬಟ್ಟೆ ತೊಟ್ಟ ಸಾಲದ ಅರ್ಜಿ ಆಗಿರಬಹುದು ಎಂದು ತಿಳಿಯಿರಿ. ನಿಮ್ಮ ವಿವರ ಬಳಸಲು ನಿಮ್ಮ ಒಪ್ಪಿಗೆ ಬೇಕು ಎಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಅಡಿಪಾಯ. ಯಾರು ಕಳಿಸಿದರು, ಯಾವ ಕೆಲಸಕ್ಕೆ, ನಾನು ಹೇಳಿದ್ದನ್ನು ಸಾಲ ಕೊಡುವವರ ಕೈಗೆ ಹೆಸರು ಸಮೇತ ಕೊಡುತ್ತೀರಾ, ಬೇಡ ಎಂದರೆ ನಡೆಯುತ್ತದಾ ಎಂದು ಕೇಳುವ ಹಕ್ಕು ನಿಮಗಿದೆ. ಹಾಗೆ ಕೇಳಿದ್ದಕ್ಕೆ ಮುನಿಸಿಕೊಳ್ಳುವ ಸಮೀಕ್ಷಕರನ್ನು ಹಾಗೇ ಕಳಿಸಿಬಿಡಿ. ವಸೂಲಿಯ ಕಿರುಕುಳ ಮಿತಿಮೀರಿದಾಗ ನಮ್ಮ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಕಿರುಸಾಲ ಮತ್ತು ಸಣ್ಣ ಸಾಲಗಳ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ತಂದಿತು. ಅದು ಬೆಂಕಿ ಹತ್ತಿದ ಮೇಲಿನ ನೀರು. ನಾನು ಹೇಳುತ್ತಿರುವುದು ಬೆಂಕಿ ಹತ್ತುವುದಕ್ಕೆ ಮುಂಚಿನ ಮಾತು, ಸಾಲದ ಸರಕನ್ನು ರೂಪಿಸುವ ಹೊತ್ತಿನ ಮಾತು.

ಒಂದು ಮಧ್ಯಾಹ್ನದ ವಿಷಯ ಹೇಳಿ ಮುಗಿಸುತ್ತೇನೆ. ವರವು ಕಾವಲಿನ ಗೋಡೆ ಕಾಣುವಷ್ಟು ದೂರದ ಒಂದು ಮನೆ. ಒಳಗೆ ಗುಂಡಿಮಗ್ಗ, ಅರ್ಧ ನೇಯ್ದ ಕಂಬಳಿ. ಹಿರಿಯ ಹೆಂಗಸು ಜಗಲಿಯಲ್ಲಿ ಕೂತು ಉಣ್ಣೆ ನೂಲುತ್ತಿದ್ದರು. ಪಕ್ಕದಲ್ಲಿ ಒಂದು ಮಡಕೆ ಹುಣಸೆ ಬೀಜ. ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಬೇಯಿಸಿ ಗಂಜಿ ಮಾಡಿ ಹಾಸಿನ ನೂಲಿಗೆ ಬಳಿದರೆ ಕಂಬಳಿ ಬಿಗಿಯಾಗುತ್ತದೆ. ತಿಂಗಳ ಆದಾಯದ ಪ್ರಶ್ನೆ ಕೇಳಿದೆ. “ನಿನ್ನ ತಿಂಗಳ ಲೆಕ್ಕ ನಂಗೆ ಬರಕಿಲ್ಲ ಕಣಪ್ಪ” ಎಂದರು. ಟ್ಯಾಬ್ ಕೆಳಗಿಟ್ಟು, ನಿಮಗೆ ಬರುವ ಲೆಕ್ಕದಲ್ಲೇ ಹೇಳಿ ಎಂದೆ. ಅವರು ಮಡಕೆಗೆ ಕೈ ಹಾಕಿ ಒಂದು ಹಿಡಿ ಬೀಜ ತೆಗೆದರು.

ನೆಲದ ಮೇಲೆ ಮಳೆಗಳ ಹೆಸರು ಹೇಳುತ್ತಾ ಸಾಲು ಹಾಕಿದರು. ರೋಹಿಣಿ, ಮೃಗಶಿರ, ಆರಿದ್ರಾ. ಅಲ್ಲಿ ಒಂದೊಂದೇ ಬೀಜ. ಉಣ್ಣೆ ಕತ್ತರಿಸುವ ಹೊತ್ತಿಗೆ ನಾಲ್ಕು. ಮಘ, ಹುಬ್ಬದ ಹೊತ್ತಿಗೆ ಗೌರಸಮುದ್ರ ಮಾರಮ್ಮನ ಜಾತ್ರೆ. ಅಲ್ಲಿ ಕಂಬಳಿ ಮಾರಿದ್ದಕ್ಕೆ ಎರಡು. ಸ್ವಾತಿ, ವಿಶಾಖದ ಹತ್ತಿರ ಶೇಂಗಾ ಕಿತ್ತಾಗ ಒಂದು ಗುಪ್ಪೆಯನ್ನೇ ಸುರಿದರು. ಆಮೇಲೆ ಮರಿ ಮಾರಿದಾಗ ಒಂದು ಚಿಕ್ಕ ಗುಪ್ಪೆ. ನಾಯಕನಹಟ್ಟಿ ತೇರು ಆದ ಮೇಲೆ ನೆಲ ಖಾಲಿ. ಆ ಖಾಲಿ ಜಾಗವನ್ನು ಅಂಗೈಯಿಂದ ಸವರಿ ತೋರಿಸಿದರು.

ಕೆಳಗೆ ಖರ್ಚಿನ ಇನ್ನೊಂದು ಸಾಲು ಬಂತು. ಶೇಂಗಾ ಬಿತ್ತನೆ ಬೀಜ, ಮಕ್ಕಳ ಶಾಲೆ, ಎರಡೂ ಒಂದೇ ಮಳೆಯಲ್ಲಿ. ಮದುವೆ ಮುಯ್ಯಿ ಬೇಸಿಗೆಯಲ್ಲಿ. ಅದರ ಕೆಳಗೆ ನಾನು ಕೇಳದೆಯೇ ಮೂರನೆಯ ಸಾಲು ಹಾಕಿದರು. “ಇದು ಹುಲ್ಲು” ಎಂದರು. ಮೊದಲು ಈ ಸಾಲಿನಲ್ಲಿ ದುಡ್ಡಿನ ಮಾತೇ ಇರಲಿಲ್ಲವಂತೆ, ಬೇಸಿಗೆಯೆಲ್ಲ ಕಾವಲು. ಈಗ ಬೇಸಿಗೆಯ ಜಾಗದಲ್ಲಿ ಬೀಜದ ಬದಲು ಕಲ್ಲು ಇಟ್ಟರು. ಕಲ್ಲು ಇದ್ದ ಕಡೆಯೆಲ್ಲ ಮೇವು ಕೊಳ್ಳಬೇಕು, ಇಲ್ಲವೇ ಕುರಿ ಮಾರಬೇಕು, ಇಲ್ಲವೇ ಸಾಲ ಮಾಡಬೇಕು. ಅವರ ಸಾಲ ಎಲ್ಲಿ ಹುಟ್ಟಿತೆಂದು ಪ್ರಶ್ನಾವಳಿಯ ಮೂವತ್ತೆಂಟೂ ಪ್ರಶ್ನೆ ಕೇಳಿದರೂ ನಾನು ತಿಳಿಯಲಾಗದ್ದು ಆ ಕಲ್ಲುಗಳಲ್ಲಿತ್ತು.

ಆಮೇಲೆ ಅವರೇ ವಾರದ ಕಂತು ಇಡತೊಡಗಿದರು. ವಾರಕ್ಕೊಂದು ಬೀಜ, ಮೇಲಿನ ಸಾಲಿನಿಂದ ಎತ್ತಿ ಕೆಳಗೆ. ಸಂಕ್ರಾಂತಿವರೆಗೆ ಸರಾಗವಾಗಿ ಹೋಯಿತು. ತೇರಿನ ಹೊತ್ತಿಗೆ ಎತ್ತಲು ಬೀಜ ಉಳಿಯಲಿಲ್ಲ. ಕೈ ಅಲ್ಲೇ ನಿಂತಿತು. “ಶೇಂಗಾ ಆದಾಗ ಅರ್ಧ, ಮರಿ ಮಾರ್ದಾಗ ಅರ್ಧ ಕಟ್ತೀನಿ ಅಂದ್ರೆ ಬರ್ಕೊಳ್ಳಾಕೆ ನಿನ್ನ ಅದ್ರಾಗೆ ಜಾಗ ಐತೇನು?” ಎಂದು ಟ್ಯಾಬ್ ಕಡೆ ನೋಡಿ ಕೇಳಿದರು.

ಇಲ್ಲ ಎಂದೆ. ನನ್ನ ಹತ್ತಿರವಿದ್ದ ನೋಟ್‌ಬುಕ್ಕಿನಲ್ಲಿ ಮೂರೂ ಸಾಲನ್ನು ಇದ್ದಂತೆ ಬರೆದುಕೊಂಡೆ. ಕಲ್ಲುಗಳಿದ್ದ ಕಡೆ ಕಲ್ಲು ಎಂದೇ ಬರೆದೆ. ಆ ಪುಟದ ಪ್ರತಿಯನ್ನು ವರದಿಯ ಜೊತೆ ಲಗತ್ತಿಸಿ ಕಳಿಸಿದೆ. ಅಲ್ಲಿಂದ ಮುಂದೆ ನಾನು ತರಬೇತಿ ಕೊಟ್ಟ ಹುಡುಗ ಹುಡುಗಿಯರಿಗೆಲ್ಲ, ಪ್ರಶ್ನಾವಳಿ ತೆರೆಯುವ ಮುಂಚೆ ಆ ಮನೆಯ ವರ್ಷವನ್ನು ಒಂದು ಸಲ ನೆಲದ ಮೇಲೆ ಹಾಕಿಸಿಕೊಳ್ಳಿ ಎಂದು ಹೇಳುತ್ತಾ ಬಂದಿದ್ದೇನೆ.

ಅವರು ಬೀಜಗಳನ್ನು ಒಂದೊಂದಾಗಿ ಆಯ್ದು ಮಡಕೆಗೆ ಹಾಕಿದರು. ಮರುದಿನ ಹಾಸಿನ ನೂಲಿಗೆ ಗಂಜಿ ಬಳಿಯುವುದಿತ್ತು.